ನಯಾಗರದಲ್ಲಿ ಅಪ್ಪ ಅಮ್ಮ

ಇವತ್ತು ಅಪ್ಪ ಅಮ್ಮನನ್ನ ನಯಾಗರಕ್ಕೆ ಕರೆದುಕೊಂಡು ಹೋಗಿದ್ದೆವು. ಅಪ್ಪ ಮಳವಳ್ಳಿಯವರು. ನೀಲಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಇವರ ಜೊತೆ ದೋಣಿಯಲ್ಲಿ ಹೋಗಿ, ಪೂರ್ತಿ ನೆನೆದು ಬಂದವರೇ "ನಮ್ಮ ಗಗನಚುಕ್ಕಿಲೂ ಮಳೆಗಾಲದಲ್ಲಿ ಹೀಗೇ ಹೊಗೆ ಏಳುತ್ತೆ ಕಣವ್ವಾ" ಅಂದರು. ಆಮೇಲೆ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದ ಕತೆ, ಅಳಿಯನಿಗೆ, ಅಲ್ಲೇ ನಿಂತುಕೊಂಡು.

ಅಮ್ಮ ಜಲಪಾತ ನೋಡಿದ್ದೇ ಕಮ್ಮಿ. ನನಗೀಗ ಏಳು ತಿಂಗಳು. ಬೆಂಚಿನ ಮೇಲೆ ನನ್ನ ಊದಿದ ಕಾಲನ್ನ ತೊಡೆ ಮೇಲೆ ಇಟ್ಟುಕೊಂಡು ಹಿಮ್ಮಡಿಯಿಂದ ಬೆರಳಿನ ತನಕ ಒತ್ತುತ್ತಾ ಕೂತಿದ್ದಳು, ಅಷ್ಟು ಜನ ಓಡಾಡುತ್ತಿದ್ದರೂ.

ಹೆರಿಗೆಗೆ ತವರಿಗೆ ಹೋಗೋಕಾಗಲ್ಲ ಅಂತ ತುಂಬಾ ಬೇಜಾರಿತ್ತು. ಈಗ ತವರೇ ಇಲ್ಲಿಗೆ ಬಂದಿದೆ ಅಲ್ವಾ!

ಮಗು ಸ್ವಲ್ಪ ದೊಡ್ಡದಾದ ಮೇಲೆ ಮಳೆಗಾಲದಲ್ಲೇ ಊರಿಗೆ ಬರ್ತೀವಿ, ಗಗನಚುಕ್ಕಿ ತೋರಿಸೋಕೆ. ಅಪ್ಪನಿಗೆ ಮಾತು ಕೊಟ್ಟಾಗಿದೆ.