ರೈಬೋಸ್ವಿಚ್: ಅಂಟಿದರೆ ಸಾಲದು, ಹೊತ್ತಿಗೆ ಸರಿಯಾಗಿ ಅಂಟಬೇಕು

ಬ್ಯಾಕ್ಟೀರಿಯಾದ ಕೆಲವು ಎಂಆರ್‌ಎನ್‌ಎಗಳ (ಜೀನಿನ ಆರ್‌ಎನ್‌ಎ ಪ್ರತಿಗಳ) ಮುಂಭಾಗವೇ ಸಣ್ಣ ಅಣುವೊಂದನ್ನು ಹಿಡಿದು, ಮಡಿಕೆ ಬದಲಿಸಿ, ಮುಂದಿನ ಜೀನನ್ನು ನಿಲ್ಲಿಸುತ್ತದೆ ಇಲ್ಲವೇ ನಡೆಸುತ್ತದೆ. ಇದೇ ರೈಬೋಸ್ವಿಚ್, ನಡುವೆ ಪ್ರೋಟೀನಿನ ಹಂಗಿಲ್ಲ. 2002ರಲ್ಲಿ ಬಿ12, ಟಿಪಿಪಿ (ಬಿ1ರ ರೂಪ), ಎಫ್‌ಎಂಎನ್ (ಬಿ2ರ ರೂಪ) ಎಂಬ ವಿಟಮಿನ್ ಸಂಬಂಧಿ ಅಣುಗಳ ವಿಷಯದಲ್ಲಿ ಇದು ಖಚಿತವಾಯಿತು. ಹಿಡಿಯುವ ಭಾಗ ಆಪ್ಟಾಮರ್. ಅದರ ಆಯ್ಕೆ ಬಲು ಕಟ್ಟುನಿಟ್ಟು: ಪ್ಯೂರಿನ್ ಸ್ವಿಚ್‌ನ 74ನೇ ಸ್ಥಾನದಲ್ಲಿ ಸೈಟೋಸಿನ್ ಇದ್ದರೆ ಗ್ವಾನಿನ್, ಯುರಾಸಿಲ್ ಇದ್ದರೆ ಅಡೆನಿನ್.

ಬ್ಯಾಸಿಲಸ್ ಸಬ್ಟಿಲಿಸ್‌ನ ರಿಬ್‌ಡಿ ಸ್ವಿಚ್ ನೋಡಿ. ಎಫ್‌ಎಂಎನ್ ಅಂಟಿದರೆ ಟರ್ಮಿನೇಟರ್ ಹೇರ್‌ಪಿನ್ (ಓದು ನಿಲ್ಲಿಸುವ ಆರ್‌ಎನ್‌ಎ ಮಡಿಕೆ) ಮೂಡುತ್ತದೆ, ಅದರ ಬೆನ್ನಿಗಿರುವ ಯುರಾಸಿಲ್‌ಗಳ ಸಾಲಿನಲ್ಲಿ ಪಾಲಿಮರೇಸ್ (ಡಿಎನ್‌ಎ ಓದಿ ಆರ್‌ಎನ್‌ಎ ಕಟ್ಟುವ ಕಿಣ್ವ) ಕಳಚಿಕೊಳ್ಳುತ್ತದೆ. ಅಂಟದಿದ್ದರೆ ಆ ಮಡಿಕೆಯನ್ನು ತಪ್ಪಿಸುವ ಆಂಟಿಟರ್ಮಿನೇಟರ್ ಮೂಡಿ ಓದು ಮುಂದುವರಿಯುತ್ತದೆ. ಆಪ್ಟಾಮರ್ ಹೊರಬಂದ ಮೇಲೆ ಈ ತೀರ್ಮಾನಕ್ಕೆ ಸಿಗುವುದು ಕೆಲವೇ ಸೆಕೆಂಡು. ಪಾಲಿಮರೇಸ್ ದಾಟಿಹೋದ ಮೇಲೆ ಅಂಟಿದ ಎಫ್‌ಎಂಎನ್ ಆ ಪ್ರತಿಯನ್ನು ತಡೆಯಲಾರದು. ಆದ್ದರಿಂದ ಕೆಡಿ (ಸಮತೋಲನದಲ್ಲಿ ಅರ್ಧದಷ್ಟು ಆರ್‌ಎನ್‌ಎಗೆ ಅಣು ಅಂಟಿರುವ ಸಾಂದ್ರತೆ) ನ್ಯಾನೋಮೋಲಾರ್ ಮಟ್ಟದಲ್ಲಿದ್ದರೂ, ಅರ್ಧದಷ್ಟು ಪ್ರತಿಗಳನ್ನು ನಿಲ್ಲಿಸಲು ಅದಕ್ಕಿಂತ ಬಹಳ ಹೆಚ್ಚು ಎಫ್‌ಎಂಎನ್ ಬೇಕು. ಆರ್‌ಎನ್‌ಎ ಕಟ್ಟಲು ಬೇಕಾದ ಎನ್‌ಟಿಪಿ ಅಣುಗಳನ್ನು ಕಡಿಮೆ ಮಾಡಿ ಪಾಲಿಮರೇಸನ್ನು ನಿಧಾನಿಸಿದರೆ ಈ ಅಂತರ ಕುಗ್ಗುತ್ತದೆ.

ಕೆಡಿ ಅಳೆಯಲು ಇನ್‌ಲೈನ್ ಪ್ರೋಬಿಂಗ್ (ಆರ್‌ಎನ್‌ಎ ತಾನಾಗಿ ಎಲ್ಲಿ ತುಂಡಾಗುತ್ತದೆಂದು ನೋಡುವ ವಿಧಾನ) ಸಾಕು. 5′ ತುದಿಗೆ (ಮೊದಲ ತುದಿಗೆ) ವಿಕಿರಣಶೀಲ ರಂಜಕ-32 ಹಚ್ಚಿದ ಆರ್‌ಎನ್‌ಎಯನ್ನು 50 ಮಿಲಿಮೋಲಾರ್ ಟ್ರಿಸ್ (ಪಿಎಚ್ 8.3), 20 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 100 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ 25 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 40 ಗಂಟೆ ಇಡಿ. ಸಡಿಲವಾಗಿರುವ ಜಾಗ ತಾನೇ ತುಂಡಾಗುತ್ತದೆ. ಅಣು ಕೂತು ಬಿಗಿಯಾದಲ್ಲಿ, ತುಂಡುಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ಆ ಜಾಗದ ಪಟ್ಟಿ ಮಸುಕಾಗುತ್ತದೆ. ಆರ್‌ಎನ್‌ಎ ಸಾಂದ್ರತೆ ಕೆಡಿಗಿಂತ ಸಾಕಷ್ಟು ಕೆಳಗಿರಲಿ, ಇಲ್ಲವಾದರೆ ನೀವು ಅಳೆಯುತ್ತಿರುವುದು ಆರ್‌ಎನ್‌ಎಯ ಪ್ರಮಾಣವನ್ನೇ. ಕಾವಿಗೆ ಇಡದ ಮಾದರಿಯನ್ನೂ ಪಕ್ಕದಲ್ಲೇ ಓಡಿಸಿ: ಅದರಲ್ಲೂ ಪಟ್ಟಿಗಳಿದ್ದರೆ ಆರ್‌ಎನ್‌ಎ ಮೊದಲೇ ಕೆಟ್ಟಿತ್ತು. ಸೈಟೋಸಿನ್, ಯುರಾಸಿಲ್‌ಗಳ ನಂತರವೇ ಗಾಢ ಪಟ್ಟಿಗಳು ಕಂಡರೆ ಆರ್‌ಎನ್‌ಏಸ್-ಎ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ನುಸುಳಿರುವ ಅನುಮಾನ ಬರಬೇಕು.

ಈ ಪ್ರಯೋಗದಲ್ಲಿ ಆರ್‌ಎನ್‌ಎಗೆ ಗಂಟೆಗಟ್ಟಲೆ ಬಿಡುವು, ಜೀವಕೋಶದಲ್ಲಿರುವುದಕ್ಕಿಂತ ಹೆಚ್ಚು ಮೆಗ್ನೀಸಿಯಂ. ಹಾಗಾಗಿ ಈ ಕೆಡಿಯನ್ನೇ ಜೀವಕೋಶದ ಸ್ವಿಚಿಂಗ್ ಮಟ್ಟವೆಂದು ಬರೆಯುವುದು ತಪ್ಪು. ರಿಬ್‌ಡಿಯಂಥವಕ್ಕೆ ಸಿಂಗಲ್-ರೌಂಡ್ ಟ್ರಾನ್ಸ್‌ಕ್ರಿಪ್ಷನ್ (ಪ್ರತಿ ಪಾಲಿಮರೇಸ್ ಒಮ್ಮೆ ಮಾತ್ರ ಓದುವ ಪ್ರಯೋಗ) ಮಾಡಿ ಟಿ50, ಅಂದರೆ ಅರ್ಧದಷ್ಟು ಪರಿಣಾಮ ಕಾಣುವ ಅಣುವಿನ ಸಾಂದ್ರತೆ, ಪಡೆಯಲೇಬೇಕು. ವಿಬ್ರಿಯೊ ವಲ್ನಿಫಿಕಸ್‌ನ ಅಡೆನಿನ್ ಸ್ವಿಚ್‌ಗೆ ಈ ಅವಸರವಿಲ್ಲ. ಅದು ನಿಯಂತ್ರಿಸುವುದು ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಕೂರುವ ಜಾಗವನ್ನು, ಆ ಮಡಿಕೆ ಎಂಆರ್‌ಎನ್‌ಎ ಪೂರ್ತಿಯಾದ ಮೇಲೂ ತೆರೆದು ಮುಚ್ಚಬಲ್ಲದು.