ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ

ಕಾರವಾರಕ್ಕೆ ಬಂದೋರು ಹೆಚ್ಚಾಗಿ ಬೀಚ್ ನೋಡಿ, ಮೀನೂಟ ಮುಗಿಸಿ ಗೋವಾ ಕಡೆ ಗಾಡಿ ಬಿಡ್ತಾರೆ. ನಾವು ಈ ಸಲ ಸದಾಶಿವಗಡದ ಕೋಟೆ ಗುಡ್ಡ ಹತ್ತಲೇಬೇಕು ಅಂತ ಹೊರಟಿದ್ವಿ.

ಕಾರವಾರ ಬೀಚ್ ಈಗ ಮೊದಲಿನ ಹಾಗಿಲ್ಲ, ಪಕ್ಕದಲ್ಲೇ ಫ್ಲೈಓವರ್. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ರಲ್ಲ, ಆಗ ಟಾಗೋರರು ಬಂದಿದ್ದು, ಬೆಳದಿಂಗಳಲ್ಲಿ ಕಾಳಿ ನದಿ ಮೇಲೆ ದೋಣಿಯಲ್ಲಿ ಹೋಗಿದ್ದನ್ನ ಬರೆದಿದ್ದಾರೆ. ಫ್ಲೈಓವರ್ ಬೇಡವಾಗಿತ್ತು ಅಂತ ನಾನು ಹೇಳಲ್ಲ, ಊರೊಳಗೆ ಲಾರಿ ಸಾಲು ನಿಲ್ತಿದ್ದಾಗ ಆಂಬುಲೆನ್ಸಿಗೂ ದಾರಿ ಬೇಕಲ್ವಾ.

ಕಾಳಿ ನದಿ ಸೇತುವೆ ದಾಟೋವಾಗ ಮಾತ್ರ ಎದೆ ಭಾರ ಆಯ್ತು. 2024ರ ಆಗಸ್ಟ್ 7ರ ಬೆಳಗಿನ ಜಾವ ಕುಸಿದಿದ್ದು ಇಲ್ಲಿದ್ದ ಹಳೇ ಸೇತುವೆ, ಲಾರಿ ಸಮೇತ ನದಿಗೆ ಬಿದ್ದ ಡ್ರೈವರನ್ನ ಮೀನುಗಾರರು, ಪೊಲೀಸರು ಸೇರಿ ಎತ್ತಿದ್ರು, ಅದು ದೊಡ್ಡ ಪುಣ್ಯ. ಆ ಸೇತುವೆಗೆ ಆಗಿದ್ದ ವಯಸ್ಸು ಸುಮಾರು ನಲವತ್ತು ವರ್ಷ ಅಷ್ಟೆ.

ಆಚೆ ದಡದ ಗುಡ್ಡವೇ ಸದಾಶಿವಗಡ. ಶಿರಸಿ ಹತ್ರದ ಸೋಂದೆಯ ಅರಸ ಬಸವಲಿಂಗ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟ ಕೋಟೆ, ಆಮೇಲೆ ಪೋರ್ಚುಗೀಸರು, ಹೈದರಾಲಿ, ಬ್ರಿಟಿಷರು ಅಂತ ಕೈ ಬದಲಾಗ್ತಾ ಹೋಯ್ತು. ದುರ್ಗಾದೇವಿ ಗುಡಿಗೆ ಕೈ ಮುಗಿದು ಅಂಚಿಗೆ ಹೋದ್ವಿ. ಒಂದು ಕಡೆ ಕಾಳಿ ಸಮುದ್ರ ಸೇರೋ ಅಳಿವೆ, ಎಷ್ಟು ನೋಡಿದ್ರೂ ಸಾಲದು. ಇನ್ನೊಂದು ಕಡೆ ಹೆದ್ದಾರಿಗೋಸ್ಕರ ಗುಡ್ಡಾನೇ ಸೀಳಿದ ಜಾಗ, ಕೆಳಗೆ ಟ್ರಕ್ಕುಗಳ ಸದ್ದು. ಗೋಡೆ ಹತ್ರ ಕೂತು ನೋಡಿದೆ, ಚಿರೆಕಲ್ಲಿನ ಸಂದಿಯಲ್ಲಿ ಅಶ್ವತ್ಥದ ಬೇರು ನನ್ನ ತೋಳಿನಷ್ಟು ದಪ್ಪ ಆಗಿ ಕಲ್ಲನ್ನ ಹೊರಗೆ ತಳ್ತಾ ಇದೆ, ಸಣ್ಣ ಸಸಿ ಇದ್ದಾಗ ಯಾರಾದ್ರೂ ಕಿತ್ತಿದ್ರೆ ಐದು ನಿಮಿಷದ ಕೆಲಸ.

ಕೋಟೆ ಬೇಕಾ ರಸ್ತೆ ಬೇಕಾ ಅಂತ ಜಗಳ ಆಡೋದು ನನಗೆ ಸರಿ ಕಾಣಲ್ಲ. ಎರಡಕ್ಕೂ ನಿಗಾ ಇಲ್ಲದೆ ಇರೋದೇ ನಮ್ಮ ಜಿಲ್ಲೆಯ ಕಷ್ಟ. ಅದೇ 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದು ಜನ ಸತ್ರು, ಚತುಷ್ಪಥ ಅಂತ ಗುಡ್ಡದ ಬುಡ ಕಡಿಯೋವಾಗ ಮಳೆ ನೀರು ಎಲ್ಲಿ ಇಳಿಯುತ್ತೆ ಅನ್ನೋದನ್ನ ಮೊದಲೇ ನೋಡ್ಬೇಕಿತ್ತು.

ವಾಪಸ್ ಬರ್ತಾ ಕುಮಟಾ ಹತ್ರ ಮಿರ್ಜಾನ್ ಕೋಟೆಗೂ ಹೋದ್ವಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಾಲದ್ದು. ಅದೂ ಚಿರೆಕಲ್ಲೇ, ಅದೇ ಮಳೆ, ಅದೇ ಹೆದ್ದಾರಿ ಪಕ್ಕದಲ್ಲೇ ಹೋಗುತ್ತೆ. ಆದ್ರೆ ಪುರಾತತ್ವ ಇಲಾಖೆ ನೋಡ್ಕೊಳ್ಳುತ್ತೆ, ಗೋಡೆ ರಿಪೇರಿ ಆಗಿದೆ, ಮಕ್ಕಳು ಬುರುಜಿನ ಮೇಲೆ ಓಡಾಡ್ತಿದ್ರು. ಸದಾಶಿವಗಡಕ್ಕೂ ಇಷ್ಟು ಮಾಡೋಕೆ ಆಗಲ್ವಾ? ಇನ್ನು ಮುಂದೆ ರಸ್ತೆಗೋ ಸೇತುವೆಗೋ ಆ ಗುಡ್ಡ ಮುಟ್ಟೋ ಮೊದಲು ಉಳಿದಿರೋ ಗೋಡೆಗಳ ನಕ್ಷೆ ತೆಗೀಲಿ, ಸೀಳಿದ ಕಡೆ ನೀರು ಹೋಗೋಕೆ ಚರಂಡಿ ಮಾಡ್ಲಿ, ಕೋಟೆ ಇರೋ ಊರು ಚಿತ್ತಾಕುಲದ ಜನರನ್ನ ಕೂರಿಸ್ಕೊಂಡು ಕೇಳ್ಲಿ. ಆ ಅಶ್ವತ್ಥದ ಬೇರಿಗಂತೂ ಯಾವ ಪ್ರಾಜೆಕ್ಟಿಗೂ ಕಾಯೋದು ಬೇಡ, ಮುಂದಿನ ಮಳೆಗಾಲದ ಒಳಗೇ ತೆಗೀಬೇಕು.