ಮುದ್ದೆ ಇಳಿಯುವ ದಾರಿ

ಇವತ್ತು ಮಧ್ಯಾಹ್ನ ಅಜ್ಜಿ ಬಿಸಿ ಮುದ್ದೆ ಮುರಿದು, ಬಸ್ಸಾರಲ್ಲಿ ಹೊರಳಿಸಿ, ಅಗಿಯದೇ ಗುಳುಕ್ಕನೆ ನುಂಗೋದನ್ನ ನೋಡ್ತಾ ಕೂತಿದ್ದೆ. ಆ ತುತ್ತು ಗಂಟಲಿಂದ ಹೊಟ್ಟೆಗೆ ಇಳಿಯುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಖಾಲಿ ಇದ್ದಾಗ ಒಳಗೋಡೆ ಸೀರೆ ನೆರಿಗೆ ಥರ ಮಡಚಿಕೊಂಡಿರುತ್ತೆ. ತುತ್ತು ಬಂದಾಗ ನೆರಿಗೆ ಬಿಚ್ಚಿ ಹಿಗ್ಗುತ್ತೆ. ತುತ್ತು ದಾಟಿದ ಮೇಲೆ ಗೋಡೆಯೊಳಗಿನ ಎಲಾಸ್ಟಿನ್ ಅನ್ನೋ ಪ್ರೋಟೀನಿನ ಎಳೆಗಳು ರಬ್ಬರಿನಂತೆ ಗೋಡೆಯನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತವೆ. ಅದೇ ಗೋಡೆಯಲ್ಲಿರುವ ಇನ್ನೊಂದು ಪ್ರೋಟೀನ್ ಕೊಲಾಜೆನ್‌ನ ಕೆಲಸವೇ ಬೇರೆ. ಅದರ ನಾರುಗಳು ಮೊದಲು ಅಲೆಅಲೆಯಾಗಿ ಸಡಿಲವಾಗಿರುತ್ತವೆ. ಗೋಡೆ ಹಿಗ್ಗಿದಂತೆ ನೆಟ್ಟಗಾಗಿ, ಕೊನೆಗೆ ಹಗ್ಗದಂತೆ ಬಿಗಿದು ನಿಲ್ಲುತ್ತವೆ. ಅದಕ್ಕೇ ಗೋಡೆ ಶುರುವಿಗೆ ಮೆತ್ತಗೆ, ಆಮೇಲೆ ಗಟ್ಟಿ. ಆಸಿಡ್ ಕುಡಿದು ಸುಟ್ಟ ಗಾಯ ಮಾಯುವಾಗ ಇದೇ ಕೊಲಾಜೆನ್ ಅತಿಯಾಗಿ ತುಂಬಿಕೊಂಡರೆ ನಾಳ ಕಿರಿದಾಗಿ ಗಂಜಿ ಇಳಿಯೋದೂ ಕಷ್ಟ. ಅಂಥವರನ್ನ ವಾರ್ಡಿನಲ್ಲಿ ನೋಡಿದ್ದೀನಿ, ಮರೆಯೋಕಾಗಲ್ಲ.

ಅಜ್ಜಿಗೆ 82. ಇನ್ನೊಂದು ತುತ್ತು ಮುರಿದಳು.